ಪಡಸಾಲೆಯ ಬೆಳಕಿಗೊಂದು ಲೆನ್ಸ್

ಮನೆಮಂದಿಯ ಚಿತ್ರ ತೆಗೆಯಲು ಸಾವಿರಾರು ರೂಪಾಯಿ ಸುರಿಯಬೇಕಿಲ್ಲ. ಮನೆಯ ಬೆಳಕು ಎಷ್ಟು, ಕೋಣೆಯ ಅಳತೆ ಎಷ್ಟು ಎಂಬುದು ಗೊತ್ತಿದ್ದರೆ ಸಾಕು.

ಹಳೆಯ ಮನೆಗಳ ಪಡಸಾಲೆಯ ಗೋಡೆಯನ್ನು ಒಮ್ಮೆ ನೋಡಿ. ದೇವರ ಪಟಗಳ ಸಾಲಿನ ಕೊನೆಗೆ, ಗಂಧದ ಹಾರ ಹಾಕಿದ ಹಿರಿಯರ ಫೋಟೋ ಒಂದು ಇರುತ್ತದೆ. ನೆಟ್ಟ ನೋಟ, ಬಿಗಿದ ತುಟಿ, ಬೆನ್ನ ಹಿಂದೆ ಖಾಲಿ ಗೋಡೆ. ಮುಖಕ್ಕೆ ಮಾತ್ರ ಮಂಜು ಕವಿದಂತಿದೆ. ವಿಚಾರಿಸಿದರೆ ಕಾರಣ ತಿಳಿಯುತ್ತದೆ. ಅದು ಮತದಾರರ ಗುರುತಿನ ಚೀಟಿಯಲ್ಲಿದ್ದ ಚಿತ್ರ. ಅವರು ತೀರಿಕೊಂಡ ಮೇಲೆ ಸ್ಟುಡಿಯೋಕ್ಕೆ ಕೊಟ್ಟು ದೊಡ್ಡದು ಮಾಡಿಸಿದ್ದು.

ಭಾವಚಿತ್ರವಿರುವ ಗುರುತಿನ ಚೀಟಿಯನ್ನು ಚುನಾವಣಾ ಆಯೋಗ ತಂದದ್ದು 1993ರಲ್ಲಿ. ಅದು ಬಾರದೇ ಹೋಗಿದ್ದರೆ ಎಷ್ಟೋ ಅಜ್ಜ-ಅಜ್ಜಿಯರಿಗೆ ಆ ಒಂದು ಚಿತ್ರವೂ ಇರುತ್ತಿರಲಿಲ್ಲ. ಎಪ್ಪತ್ತು-ಎಂಬತ್ತು ವರ್ಷ ಬಾಳಿದ ಜೀವ ನಗುವಾಗ ಹೇಗಿತ್ತು, ಮೊಮ್ಮಗುವನ್ನು ಯಾವ ರೀತಿ ಎತ್ತಿಕೊಳ್ಳುತ್ತಿತ್ತು, ಒಲೆಯ ಮುಂದೆ ಹೇಗೆ ಕೂಡುತ್ತಿತ್ತು ಎಂಬುದಕ್ಕೆ ಸಾಕ್ಷಿಯೇ ಇಲ್ಲ. ಉಳಿದದ್ದು ಸರ್ಕಾರಿ ಕ್ಯಾಮೆರಾದ ಮುಂದೆ ಒಂದು ಗಳಿಗೆ ಅಳುಕುತ್ತ ಕುಳಿತ ಮುಖ ಮಾತ್ರ.

ಈಗ ಕಾಲ ಬದಲಾಗಿದೆ. ಕೈಯಲ್ಲಿ ಮೊಬೈಲ್ ಇಲ್ಲದವರು ವಿರಳ. ಸೆಕೆಂಡ್‌ಹ್ಯಾಂಡ್ ಡಿಜಿಟಲ್ ಕ್ಯಾಮೆರಾಗಳೂ ಮಧ್ಯಮ ವರ್ಗದವರ ಕೈಗೆಟಕುತ್ತಿವೆ. ಆದರೂ ಮನೆಯೊಳಗಿನ ಚಿತ್ರ ಮನಸ್ಸಿಗೆ ಹಿಡಿಸುವಂತೆ ಬರುತ್ತಿಲ್ಲ ಎಂಬ ಕೊರಗು ಹಲವರದು. ತಪ್ಪು ಎಲ್ಲಿದೆ?

ಗಿಣಿಗೇರಾದ ಒಂದು ಸಂಜೆ

ಗಿಣಿಗೇರಾ ಕೊಪ್ಪಳ-ಹೊಸಪೇಟೆ ಹಾದಿಯಲ್ಲಿರುವ ಊರು. ಗಂಗಾವತಿ ಕಡೆಯ ರೈಲು ಮಾರ್ಗ ಕವಲೊಡೆಯುವುದು ಇಲ್ಲಿಂದಲೇ. ಸುತ್ತ ಕಬ್ಬಿಣ, ಉಕ್ಕಿನ ಕಾರ್ಖಾನೆಗಳು. ಪಾಳಿಯ ಮೇಲೆ ದುಡಿಯುವವರ ಮನೆಗಳು ಊರ ತುಂಬ ಇವೆ. ಅಂಥ ಒಂದು ಮನೆಯನ್ನು ಕಣ್ಣ ಮುಂದೆ ತಂದುಕೊಳ್ಳಿ.

ದಪ್ಪ ಗೋಡೆ, ಸಣ್ಣ ಕಿಟಕಿ, ಹತ್ತು ಅಡಿಗೆ ಹನ್ನೆರಡು ಅಡಿಯ ಪಡಸಾಲೆ. ಮನೆಯ ಯಜಮಾನ ಹಗಲು ಪಾಳಿ ಮುಗಿಸಿ ಮನೆ ಸೇರುವಷ್ಟರಲ್ಲಿ ಹೊತ್ತು ಮುಳುಗಿರುತ್ತದೆ. ಒಂದೂವರೆ ವರ್ಷದ ಮಗಳು ಎಚ್ಚರವಾಗಿ, ಅಜ್ಜಿಯ ಸುತ್ತ ಆಡುವ ಹೊತ್ತು ಅದು. ಗೋಡೆಯ ಮೇಲೆ ಒಂದೇ ಟ್ಯೂಬ್‌ಲೈಟ್. ಗೆಳೆಯನಿಂದ ಕೊಂಡ ಹಳೆಯ ಕ್ಯಾಮೆರಾವನ್ನು ಆತ ಆಸೆಯಿಂದ ಹೊರತೆಗೆಯುತ್ತಾನೆ. ಅದರ ಜತೆಗೆ ಬಂದದ್ದು 18ರಿಂದ 55 ಮಿ.ಮೀ.ನ ಸಾಮಾನ್ಯ ಲೆನ್ಸ್. ಅಂಗಡಿಯವರು ‘ಕಿಟ್ ಲೆನ್ಸ್’ ಎನ್ನುವುದು ಇದನ್ನೇ. ಕ್ಲಿಕ್ಕಿಸಿದ ಚಿತ್ರವನ್ನು ತಾಯಿಗೆ ತೋರಿಸುತ್ತಾನೆ.

“ಇದರಾಗ ನಾನು ಅದೀನೋ, ದೆವ್ವ ಐತೋ ತಮ್ಮಾ?”

“ತಡಿ ಯವ್ವಾ, ಇನ್ನೊಂದು ತಗೀತೀನಿ.”

“ನಾ ಏನೋ ಕುಂತೇನಿ. ಕೂಸು ನಿಲ್ಲಬೇಕಲ್ಲೋ!”

ಅಜ್ಜಿಯ ಮಾತಿನಲ್ಲೇ ಸಮಸ್ಯೆಯ ತಿರುಳಿದೆ. ಕೂಸು ನಿಲ್ಲುವುದಿಲ್ಲ, ಬೆಳಕು ಸಾಲುವುದಿಲ್ಲ. ಫ್ಲ್ಯಾಶ್ ಹಾಕಿದರೆ ಮುಖ ಸುಣ್ಣ ಬಳಿದಂತಾಗುತ್ತದೆ, ಹಿಂದಿನ ಗೋಡೆಯ ಮೇಲೆ ಕರಿಯ ನೆರಳು ಬೀಳುತ್ತದೆ, ಮಗು ಬೆದರುತ್ತದೆ. ಬೇರೆ ಲೆನ್ಸ್ ಬೇಕೆಂದು ಪೇಟೆಗೆ ಹೋದರೆ ಅಂಗಡಿಯ ಗಾಜಿನ ಹಿಂದೆ ಮೊದಲು ಕಣ್ಣಿಗೆ ಬೀಳುವುದು ಉದ್ದನೆಯ ಜೂಮ್ ಲೆನ್ಸುಗಳು. ಉದ್ದವಿದ್ದಷ್ಟೂ ದೊಡ್ಡಸ್ತಿಕೆ ಎಂಬ ಭಾವನೆ ನಮ್ಮಲ್ಲಿ ಬೇರೂರಿದೆ. ಆದರೆ ದೂರದ ಹಕ್ಕಿಯನ್ನು ಹತ್ತಿರ ತರುವ ಲೆನ್ಸ್, ಎಂಟಡಿ ದೂರದಲ್ಲಿ ಕುಳಿತ ಅಜ್ಜಿಗೆ ಯಾವ ಉಪಕಾರವನ್ನೂ ಮಾಡುವುದಿಲ್ಲ.

ಎಲ್ಲವೂ ತೂಬಿನ ಲೆಕ್ಕ

ಎಡದಂಡೆ ಕಾಲುವೆಯ ನೀರು ಉಣ್ಣುವ ಗದ್ದೆಯ ರೈತರಿಗೆ ಇದನ್ನು ವಿವರಿಸಬೇಕಿಲ್ಲ. ತೂಬು ಕಿರಿದಾದರೆ ಗದ್ದೆ ತುಂಬಲು ಇಡೀ ರಾತ್ರಿ ಬೇಕು. ಅಗಲವಾದರೆ ಗಂಟೆಯೊಳಗೆ ಕೆಲಸ ಮುಗಿಯುತ್ತದೆ. ಲೆನ್ಸಿನ ಒಳಗೂ ಅಂಥ ಒಂದು ತೂಬಿದೆ. ಅದರ ಹೆಸರು ಅಪರ್ಚರ್. ಅದು ಅಗಲವಾಗಿದ್ದರೆ ಸಾಕಷ್ಟು ಬೆಳಕು ಕ್ಷಣಾರ್ಧದಲ್ಲಿ ಒಳಬರುತ್ತದೆ. ಕಿರಿದಾಗಿದ್ದರೆ ಕ್ಯಾಮೆರಾ ಹೆಚ್ಚು ಹೊತ್ತು ಕಣ್ಣು ತೆರೆದು ಕಾಯಬೇಕು. ಆ ಕಾಯುವಿಕೆಯ ನಡುವೆ ಮಗು ತಲೆ ತಿರುಗಿಸಿದರೆ ಚಿತ್ರ ಕಲಸಿಹೋಗುತ್ತದೆ.

ಲೆನ್ಸಿನ ಮೂತಿಯ ಸುತ್ತ ಬರೆದಿರುವ ‘ಎಫ್’ ಸಂಖ್ಯೆ ಈ ತೂಬಿನ ಅಳತೆಯೇ. ಲೆನ್ಸಿನ ಸಂಗಮ ದೂರವನ್ನು ಎಫ್ ಸಂಖ್ಯೆಯಿಂದ ಭಾಗಿಸಿದರೆ ರಂಧ್ರದ ಅಗಲ ಸಿಗುತ್ತದೆ. ಆದ್ದರಿಂದ ಸಂಖ್ಯೆ ಚಿಕ್ಕದಾದಷ್ಟೂ ರಂಧ್ರ ದೊಡ್ಡದು. ಕಿಟ್ ಲೆನ್ಸನ್ನು 55ಕ್ಕೆ ತಿರುಗಿಸಿದಾಗ ಅದರ ಎಫ್ ಸಂಖ್ಯೆ 5.6. ರಂಧ್ರದ ಅಗಲ 10 ಮಿ.ಮೀ.ಗೂ ಕಡಿಮೆ, ಅಂದರೆ ಅಂಗಿಯ ಗುಂಡಿಯಷ್ಟು. ‘50 ಎಫ್ 1.8’ ಎಂಬ ಲೆನ್ಸಿನ ರಂಧ್ರವಾದರೋ ಸುಮಾರು 28 ಮಿ.ಮೀ. ಈಗ ಚಲಾವಣೆಯಲ್ಲಿರುವ ಹತ್ತು ರೂಪಾಯಿಯ ನಾಣ್ಯದ ಅಗಲ 27 ಮಿ.ಮೀ. ಗುಂಡಿಯನ್ನೂ ನಾಣ್ಯವನ್ನೂ ಪಕ್ಕಪಕ್ಕದಲ್ಲಿಟ್ಟು ನೋಡಿದರೆ ವ್ಯತ್ಯಾಸ ಕಣ್ಣಿಗೇ ಕಾಣುತ್ತದೆ. ಎಫ್ 5.6ಕ್ಕೆ ಹೋಲಿಸಿದರೆ ಎಫ್ 1.8ರಲ್ಲಿ ಒಳಬರುವ ಬೆಳಕು ಹತ್ತಿರ ಹತ್ತಿರ ಹತ್ತು ಪಟ್ಟು.

ಒಂದೇ ಟ್ಯೂಬ್‌ಲೈಟಿನ ಮಂದ ಬೆಳಕಿನ ಕೋಣೆಯಲ್ಲಿ, ಕ್ಯಾಮೆರಾದ ಐಎಸ್‌ಒ 1600ರಲ್ಲಿದ್ದಾಗ, ಎಫ್ 5.6ರ ಲೆನ್ಸ್ ಸೆಕೆಂಡಿನ ಇಪ್ಪತ್ತನೆಯ ಒಂದು ಭಾಗದಷ್ಟು ಹೊತ್ತು ತೆರೆದಿರಬೇಕಾಗುತ್ತದೆ ಎಂದಿಟ್ಟುಕೊಳ್ಳಿ. ಅದೇ ಬೆಳಕಿನಲ್ಲಿ ಎಫ್ 1.8ರ ಲೆನ್ಸಿಗೆ ಇನ್ನೂರನೆಯ ಒಂದು ಭಾಗ ಸಾಕು. ಆಡುವ ಮಗುವನ್ನು ಹಿಡಿದು ನಿಲ್ಲಿಸಲು ಕನಿಷ್ಠ ನೂರನೆಯ ಒಂದು ಭಾಗವಾದರೂ ಬೇಕು. ಗಿಣಿಗೇರಾದ ಆ ಚಿತ್ರದಲ್ಲಿ ದೆವ್ವ ಕಾಣಿಸಿಕೊಂಡದ್ದು ಏಕೆಂದು ಈಗ ತಿಳಿಯಿತಲ್ಲ?

ಇಲ್ಲಿ ಹಲವರು ಎಡವುವ ಕಲ್ಲೊಂದಿದೆ. ಕೆಲವು ಕಿಟ್ ಲೆನ್ಸುಗಳ ಮೇಲೆ ‘ಐಎಸ್’ ಅಥವಾ ‘ವಿಆರ್’ ಎಂದು ಬರೆದಿರುತ್ತದೆ. ನಡುಕ ತಡೆಯುವ ವ್ಯವಸ್ಥೆ ಅದು. ಆದರೆ ಅದು ತಡೆಯುವುದು ಚಿತ್ರ ತೆಗೆಯುವವರ ಕೈನಡುಕವನ್ನು. ಎದುರಿಗೆ ಓಡುವ ಕೂಸನ್ನಲ್ಲ. ಅಲುಗದೆ ಕುಳಿತ ಅಜ್ಜಿಗೆ ಅದು ಸಹಾಯಕ, ಮೊಮ್ಮಗಳಿಗೆ ನಿರುಪಯೋಗಿ.

ಬೆಳಕಿಗಾಗಿ ಕಾಯುವ ಕಷ್ಟ ಈ ಸೀಮೆಗೆ ಹೊಸದೇನೂ ಅಲ್ಲ. ನದಿಯಾಚೆಯ ಹಂಪಿಯನ್ನು 1856ರಲ್ಲಿ ಮದರಾಸು ಸೈನ್ಯದ ಅಧಿಕಾರಿ ಅಲೆಕ್ಸಾಂಡರ್ ಗ್ರೀನ್‌ಲಾ ಮೇಣ ಹಚ್ಚಿದ ಕಾಗದದ ನೆಗೆಟಿವ್‌ಗಳ ಮೇಲೆ ಸೆರೆಹಿಡಿದ. ಹಂಪಿಯ ಅತ್ಯಂತ ಹಳೆಯ ಫೋಟೋಗಳಲ್ಲಿ ಅವು ಸೇರಿವೆ. ಬೆಳಕನ್ನು ಬಲು ನಿಧಾನವಾಗಿ ಹೀರುವ ಕಾಗದ ಅದು. ಅಂಥದರ ಮೇಲೂ ಆತನ ಕೆಲಸ ಸಾಧ್ಯವಾದದ್ದು ಎದುರಿಗಿದ್ದದ್ದು ಗುಡಿ-ಗೋಪುರವಾದ್ದರಿಂದ. ಕಲ್ಲು ಕಾಯುತ್ತದೆ, ಕೂಸು ಕಾಯದು.

ಅಗ್ಗ ಏಕೆ?

ಇಷ್ಟು ಬೆಳಕು ಕುಡಿಯುವ ಲೆನ್ಸ್ ಎಂದರೆ ಬೆಲೆ ಗಗನದಲ್ಲಿರಬೇಕು ಎಂಬ ಅನುಮಾನ ಸಹಜ. ಅಚ್ಚರಿಯೆಂದರೆ, ಲೆನ್ಸುಗಳ ಪೇಟೆಯಲ್ಲಿ ತೀರ ಅಗ್ಗದ ಸಾಲಿನಲ್ಲಿರುವುದು ಇದೇ. ಕ್ಯಾನನ್ ಕಂಪನಿ ‘50 ಎಫ್ 1.8 ಎಸ್‌ಟಿಎಂ’ ಲೆನ್ಸನ್ನು 2015ರಲ್ಲಿ ಅಮೆರಿಕದಲ್ಲಿ ಬಿಡುಗಡೆ ಮಾಡಿದಾಗ ಇಟ್ಟ ಬೆಲೆ 125 ಡಾಲರ್. ನಿಕಾನ್ ಕಂಪನಿ 2009ರಲ್ಲಿ ತಂದ ‘35 ಎಫ್ 1.8’ ಲೆನ್ಸಿನ ಬೆಲೆ 200 ಡಾಲರ್‌ನ ಆಸುಪಾಸಿನಲ್ಲಿತ್ತು. ವೃತ್ತಿಪರರು ಬಳಸುವ ಜೂಮ್ ಲೆನ್ಸುಗಳ ಬೆಲೆಯ ಮುಂದೆ ಇದು ಅಲ್ಪ ಮೊತ್ತ.

ಇದಕ್ಕೆ ಕಾರಣ ಸರಳ. ಜೂಮ್ ಲೆನ್ಸಿನೊಳಗೆ ಗಾಜುಗಳು ಹಿಂದೆ ಮುಂದೆ ಸರಿಯಬೇಕು. ಕ್ಯಾನನ್ನಿನ ನಡುಕ ತಡೆಯುವ 18-55 ಕಿಟ್ ಲೆನ್ಸಿನಲ್ಲಿ 11 ಗಾಜುಗಳಿವೆ. 50 ಎಫ್ 1.8ರಲ್ಲಿ ಇರುವುದು ಆರು. ನಡುವಿನ ರಂಧ್ರದ ಆಚೆ-ಈಚೆ ಗಾಜುಗಳನ್ನು ಹೆಚ್ಚುಕಡಿಮೆ ಒಂದೇ ಸಮನಾಗಿ ಜೋಡಿಸುವ ಈ ವಿನ್ಯಾಸದ ಮೂಲ, ಜರ್ಮನಿಯ ಝೈಸ್ ಕಂಪನಿಯ ಪೌಲ್ ರುಡಾಲ್ಫ್ 1896ರಲ್ಲಿ ರೂಪಿಸಿದ ‘ಪ್ಲಾನಾರ್’ ಲೆನ್ಸಿನಲ್ಲಿದೆ. ನೂರು ವರ್ಷಕ್ಕೂ ಮೇಲೆ ಪಳಗಿದ ಕಸುಬು. ಹೊಸದಾಗಿ ಕಂಡುಹಿಡಿಯುವ ಖರ್ಚಿಲ್ಲ. ಅಪಾರ ಸಂಖ್ಯೆಯಲ್ಲಿ ತಯಾರಾಗುವುದರಿಂದ ಬೆಲೆ ಇನ್ನಷ್ಟು ಇಳಿದಿದೆ.

50 ಮಿ.ಮೀ.ಗೆ ಇತಿಹಾಸದ ಬಲವೂ ಇದೆ. 1925ರಲ್ಲಿ ಪೇಟೆಗೆ ಬಂದು ಕೈಯಲ್ಲಿ ಹಿಡಿದು ತಿರುಗುವ ಛಾಯಾಗ್ರಹಣಕ್ಕೆ ದಾರಿ ತೆರೆದ ಲೈಕಾ ಕ್ಯಾಮೆರಾದಲ್ಲಿದ್ದುದು 50 ಮಿ.ಮೀ. ಲೆನ್ಸ್. ಫ್ರಾನ್ಸಿನ ಹೆಸರಾಂತ ಛಾಯಾಗ್ರಾಹಕ ಆನ್ರಿ ಕಾರ್ತಿಯೆ-ಬ್ರೆಸಾಂ ಬದುಕಿನುದ್ದಕ್ಕೂ ಹೆಚ್ಚಾಗಿ ನೆಚ್ಚಿಕೊಂಡದ್ದು ಇದನ್ನೇ. ನಮ್ಮಲ್ಲೂ ಪೆಂಟಾಕ್ಸ್ ಕೆ1000, ಝೆನಿಟ್‌ನಂಥ ಫಿಲ್ಮ್ ಕ್ಯಾಮೆರಾ ಕೊಂಡವರಿಗೆ ಸಾಮಾನ್ಯವಾಗಿ ಜತೆಗೆ ಬರುತ್ತಿದ್ದುದು 50 ಅಥವಾ ಅದರ ಆಸುಪಾಸಿನ ಲೆನ್ಸೇ. ಕಿಟ್ ಜೂಮ್ ಎಂಬ ರೂಢಿ ಬಲವಾದದ್ದು ಆಮೇಲೆ.

ಮೊದಲು ಕೋಣೆ ಅಳೆಯಿರಿ

ಹಾಗಾದರೆ ಎಲ್ಲರೂ 50 ಎಫ್ 1.8 ಕೊಂಡುಬಿಡಬೇಕೆ? ಅವಸರ ಬೇಡ. ಬೆಳಕಿನ ಲೆಕ್ಕ ಮುಗಿದ ಮೇಲೆ ಜಾಗದ ಲೆಕ್ಕವೊಂದು ಉಳಿದಿದೆ. ಸಲಹೆ ಕೇಳಿ ಕೊಂಡವರು ಪಶ್ಚಾತ್ತಾಪ ಪಡುವುದು ಇಲ್ಲಿಯೇ.

ಫಿಲ್ಮಿನ ಚೌಕಟ್ಟು 36 ಮಿ.ಮೀ. ಅಗಲವಿತ್ತು. ಅಗ್ಗದ ಡಿಜಿಟಲ್ ಕ್ಯಾಮೆರಾಗಳ ಒಳಗಿನ ಸೆನ್ಸರ್ ಅಗಲ 22ರಿಂದ 24 ಮಿ.ಮೀ. ಮಾತ್ರ. ಕಿಟಕಿ ಚಿಕ್ಕದಾದರೆ ಕಾಣುವ ನೋಟವೂ ಕಿರಿದಾಗುತ್ತದಲ್ಲವೆ? ಇದೂ ಹಾಗೆಯೇ. ಅಂದಿನ 50, ಇಂದಿನ ಈ ಕ್ಯಾಮೆರಾಗಳ ಮೇಲೆ 75-80ರಂತೆ ವರ್ತಿಸುತ್ತದೆ. ಮುಖವೊಂದನ್ನೇ ಸೆರೆಹಿಡಿಯಲು ಸೊಗಸು, ಮನೆಮಂದಿಗೆ ಇಕ್ಕಟ್ಟು.

ನೆನಪಿಡಲು ಸುಲಭವಾದ ಲೆಕ್ಕ ಹೀಗಿದೆ. ಕ್ಯಾಮೆರಾವನ್ನು ಅಡ್ಡಲಾಗಿ ಹಿಡಿದಾಗ, 50 ಮಿ.ಮೀ. ಲೆನ್ಸಿಗೆ ಕಾಣುವ ಅಗಲ ನೀವು ನಿಂತ ದೂರದ ಅರ್ಧಕ್ಕಿಂತ ತುಸು ಕಡಿಮೆ. 35ಕ್ಕೆ ದೂರದ ಮೂರನೆಯ ಎರಡು ಭಾಗ. 24ಕ್ಕೆ ಹೆಚ್ಚುಕಡಿಮೆ ದೂರದಷ್ಟೇ ಅಗಲ.

ಇದನ್ನು ಗಿಣಿಗೇರಾದ ಪಡಸಾಲೆಗೆ ಹೊಂದಿಸಿ ನೋಡಿ. ಗೋಡೆಗೆ ಬೆನ್ನು ಹಚ್ಚಿ ನಿಂತರೂ ಅಜ್ಜಿಗೂ ಕ್ಯಾಮೆರಾಕ್ಕೂ ನಡುವೆ ಸಿಗುವುದು ಎಂಟಡಿ. 50ರಲ್ಲಿ ಕಾಣುವ ಅಗಲ ನಾಲ್ಕಡಿಯೊಳಗೆ: ಅಜ್ಜಿ, ಆಕೆಯ ತೊಡೆಯ ಮೇಲಿನ ಮಗು, ಅಷ್ಟೆ. 35ರಲ್ಲಿ ಐದು ಅಡಿಗೂ ಮೇಲೆ: ಅಜ್ಜಿ, ಸೊಸೆ, ಮಗು ಮೂವರೂ ಹಿಡಿಸುತ್ತಾರೆ. 24ರಲ್ಲಿ ಸುಮಾರು ಎಂಟಡಿ: ತೊಟ್ಟಿಲೂ ಗೋಡೆಯ ಮೇಲಿನ ಹಿರಿಯರ ಫೋಟೋವೂ ಬರುತ್ತವೆ.

ಹೀಗಾಗಿ ಸಣ್ಣ ಮನೆಗೆ, ಮಂದ ಬೆಳಕಿಗೆ, ಕಡಿಮೆ ಕಾಸಿಗೆ ಹೊಂದುವ ಮೊದಲ ಆಯ್ಕೆ 35 ಎಫ್ 1.8. ಕಿಟ್ ಲೆನ್ಸನ್ನು 35ಕ್ಕೆ ಇಟ್ಟಾಗ ಅದರ ಎಫ್ ಸಂಖ್ಯೆ ಸಾಮಾನ್ಯವಾಗಿ 4.5ರ ಸುಮಾರಿಗಿರುತ್ತದೆ. ಅದಕ್ಕೆ ಹೋಲಿಸಿದರೆ ಇಲ್ಲಿ ಆರು ಪಟ್ಟು ಬೆಳಕು. ಅಂಗಳ, ಕಟ್ಟೆ, ಜಗಲಿ ಇದ್ದು ನಾಲ್ಕು ಹೆಜ್ಜೆ ಹಿಂದೆ ಸರಿಯಲು ಆಸ್ಪದವಿರುವ ಮನೆಗೆ 50 ಕೂಡ ಒಳ್ಳೆಯದೇ.

ಕಾಸು ಬಿಚ್ಚದೆ ಪರೀಕ್ಷೆ

ಯಾವುದು ತಕ್ಕುದು ಎಂದು ತಿಳಿಯಲು ಅಂಗಡಿಗೂ ಹೋಗಬೇಕಿಲ್ಲ. ಇರುವ ಕಿಟ್ ಲೆನ್ಸನ್ನು 35ರ ಗುರುತಿಗೆ ತಿರುಗಿಸಿ, ಅಲುಗದಂತೆ ಒಂದು ತುಂಡು ಅಂಟುಪಟ್ಟಿ ಹಚ್ಚಿ. ಒಂದು ವಾರ ಅದರಲ್ಲೇ ಚಿತ್ರ ತೆಗೆಯಿರಿ. ಮುಂದಿನ ವಾರ 50ಕ್ಕೆ ಇಟ್ಟು ಹಾಗೆಯೇ ಮಾಡಿ. ಚಿತ್ರಗಳು ಕಲಸಿದಂತೆ ಬಂದರೂ ಚಿಂತೆಯಿಲ್ಲ. ಈಗ ನೋಡಬೇಕಾದದ್ದು ಚೌಕಟ್ಟನ್ನು ಮಾತ್ರ. ಯಾವ ವಾರ ಬೆನ್ನು ಗೋಡೆಗೆ ಬಡಿಯಿತು, ಯಾವ ವಾರ ಬಡಿಯಲಿಲ್ಲ ಎಂಬುದೇ ಉತ್ತರ.

ಇನ್ನೊಂದು ಉಪಾಯವೂ ಇದೆ. ಡಿಜಿಟಲ್ ಚಿತ್ರದ ಜತೆ ಅದನ್ನು ಎಷ್ಟು ಮಿ.ಮೀ.ನಲ್ಲಿ ತೆಗೆಯಲಾಯಿತು ಎಂಬ ವಿವರ ಅಡಗಿರುತ್ತದೆ. ಕಂಪ್ಯೂಟರಿನಲ್ಲಿ ಚಿತ್ರದ ಮಾಹಿತಿ ತೆರೆದರೆ ಅದು ಕಾಣುತ್ತದೆ. ಮನೆಮಂದಿಗೆ ಹಿಡಿಸಿದ ಇಪ್ಪತ್ತು ಚಿತ್ರಗಳನ್ನು ಆರಿಸಿ, ಅವುಗಳ ಸಂಖ್ಯೆಯನ್ನು ಒಂದು ಹಾಳೆಯ ಮೇಲೆ ಬರೆಯಿರಿ. ಹೆಚ್ಚಿನವು 24ರಿಂದ 35ರೊಳಗೆ ಇದ್ದರೆ 50 ಕೊಂಡು ಪ್ರಯೋಜನವಿಲ್ಲ.

ನಿಮ್ಮ ಕ್ಯಾಮೆರಾ ಯಾವುದು?

ಒಂದು ಕಂಪನಿಯ ಲೆನ್ಸ್ ಇನ್ನೊಂದಕ್ಕೆ ಕೂಡುವುದಿಲ್ಲ ಎಂಬುದು ಎಲ್ಲರಿಗೂ ಗೊತ್ತು. ಆದರೆ ಒಂದೇ ಕಂಪನಿಯೊಳಗೂ ತೊಡಕುಗಳಿವೆ. ನಿಕಾನ್ ಡಿ40, ಡಿ60, ಡಿ3000ದಿಂದ ಡಿ3500ವರೆಗಿನ ಹಾಗೂ ಡಿ5000ದಿಂದ ಡಿ5600ವರೆಗಿನ ಕ್ಯಾಮೆರಾಗಳ ಒಳಗೆ ಫೋಕಸ್ ತಿರುಗಿಸುವ ಮೋಟಾರು ಇಲ್ಲ. ಇವುಗಳ ಮೇಲೆ ‘ಎಎಫ್-ಡಿ’ ಮಾದರಿಯ ಹಳೆಯ 50 ಎಫ್ 1.8 ಹಾಕಿದರೆ ಕೈಯಿಂದಲೇ ಫೋಕಸ್ ಮಾಡಬೇಕು. ಓಡಾಡುವ ಮಗುವಿನ ಮುಂದೆ ಅದು ಆಗದ ಮಾತು. ಲೆನ್ಸಿನ ಮೇಲೆ ‘ಎಎಫ್-ಎಸ್’ ಎಂದಿದೆಯೇ ನೋಡಿಕೊಳ್ಳಿ. ನಿಕಾನ್ನಿನ 35 ಎಫ್ 1.8 ಡಿಎಕ್ಸ್ ಆ ಬಗೆಯದು. ಡಿ90, ಡಿ7000ದಂಥ ಕ್ಯಾಮೆರಾಗಳಲ್ಲಿ ಮೋಟಾರು ಇರುವುದರಿಂದ ಹಳೆಯ ಲೆನ್ಸೂ ನಡೆಯುತ್ತದೆ.

ಕ್ಯಾನನ್ ಡಿಎಸ್‌ಎಲ್‌ಆರ್ ಉಳ್ಳವರಿಗೆ ಕಂಪನಿಯದೇ ಅಗ್ಗದ 35 ಎಫ್ 1.8 ಇಲ್ಲ. ಅವರ ಮುಂದೆ ಎರಡು ದಾರಿಗಳಿವೆ. ಬೆಳಕು ಮುಖ್ಯವೆಂದರೆ 50 ಎಫ್ 1.8, ಜಾಗ ಮುಖ್ಯವೆಂದರೆ 2014ರಲ್ಲಿ ಬಂದ, ರೊಟ್ಟಿಯಂತೆ ಚಪ್ಪಟೆಯಾದ 24 ಎಫ್ 2.8. ಎರಡನೆಯದರಲ್ಲಿ ಬೆಳಕಿನ ಲಾಭ ಕಡಿಮೆ ಎಂಬುದು ನೆನಪಿರಲಿ. 50ರಲ್ಲಿಯೂ ಎರಡು ಪೀಳಿಗೆಗಳಿವೆ. 1990ರ ‘ಎರಡನೆಯ’ ಮಾದರಿಗೆ ಕ್ಯಾಮೆರಾಕ್ಕೆ ಕೂಡುವ ಬಳೆ ಪ್ಲಾಸ್ಟಿಕ್‌ನದು. 2015ರ ಎಸ್‌ಟಿಎಂ ಮಾದರಿಗೆ ಲೋಹದ್ದು. ಹೊಸದು ಇನ್ನೂ ಹತ್ತಿರದಿಂದ, 35 ಸೆಂ.ಮೀ. ದೂರದಿಂದಲೂ ಫೋಕಸ್ ಆಗುತ್ತದೆ. ಸೆಕೆಂಡ್‌ಹ್ಯಾಂಡ್ ಕೊಳ್ಳುವಾಗ ಇವೆರಡರ ಬೆಲೆಯಲ್ಲಿ ಅಲ್ಪ ಅಂತರವಿದ್ದರೆ ಹೊಸದನ್ನೇ ಆರಿಸುವುದು ಜಾಣತನ.

ಕನ್ನಡಿಯಿಲ್ಲದ ಹೊಸ ಮಾದರಿಯ ಕ್ಯಾಮೆರಾ ಉಳ್ಳವರಿಗೆ ಕ್ಯಾನನ್ 2020ರಲ್ಲಿ ಆರ್‌ಎಫ್ 50 ಎಫ್ 1.8 ತಂದಿತು. ನಿಕಾನ್ 2023ರಲ್ಲಿ ಝಡ್ ಸರಣಿಯ ಚಿಕ್ಕ ಸೆನ್ಸರಿನ ಕ್ಯಾಮೆರಾಗಳಿಗಾಗಿ 24 ಎಫ್ 1.7 ತಂದಿತು. ಬೆಳಕು ಮತ್ತು ಜಾಗ ಎರಡನ್ನೂ ಸರಿದೂಗಿಸುವ ಲೆನ್ಸ್ ಇದು.

ಅಜ್ಜಿ ಮನೆಯ ಹೊರಗೆ ಇದ್ದಾಗಲೋ? ಹುಲಿಗಿಯ ಗುಡಿಗೆ ಹೋದಾಗ, ಮುನಿರಾಬಾದಿನ ಅಣೆಕಟ್ಟು ನೋಡಲು ಹೋದಾಗ, ಗವಿಮಠದ ಜಾತ್ರೆಯ ಹಗಲಿನಲ್ಲಿ ಬಿಸಿಲಿಗೆ ಬರವಿಲ್ಲ. ಅಲ್ಲಿ ಕಿಟ್ ಲೆನ್ಸೇ ಧಾರಾಳ ಸಾಕು. ಕೈಯಲ್ಲಿರುವ ಮೊಬೈಲ್ ಕೂಡ ಸಾಕು. ಮೊಬೈಲ್ ಸೋಲುವುದು ರಾತ್ರಿಯ ಪಡಸಾಲೆಯಲ್ಲಿ. ಬೆಳಕು ಸಾಲದಾಗ ಅದು ಹಲವು ಚಿತ್ರಗಳನ್ನು ಒಂದರ ಮೇಲೊಂದು ಕೂಡಿಸಿ ಒಂದಾಗಿ ಮಾಡುತ್ತದೆ. ಅಷ್ಟರೊಳಗೆ ಮಗು ಜಾಗ ಬದಲಿಸಿದ್ದರೆ ಅದೇ ಹಳೆಯ ಕಥೆ.

ಹಳೆಯ ಮಾಲು, ಎಚ್ಚರದ ಕಣ್ಣು

ಲೆನ್ಸ್ ಎಂಬುದು ಬೈಕಿನಂತೆ ಬೇಗ ಸವೆಯುವ ವಸ್ತುವಲ್ಲ. ಜೋಪಾನ ಮಾಡಿದ ಲೆನ್ಸ್ ಇಪ್ಪತ್ತು ವರ್ಷದ ನಂತರವೂ ಹೊಸದರಂತೆ ಕೆಲಸ ಮಾಡಬಲ್ಲದು. ಆದ್ದರಿಂದ ಸೆಕೆಂಡ್‌ಹ್ಯಾಂಡ್ ಎಂದು ಮೂಗು ಮುರಿಯಬೇಕಿಲ್ಲ. ಹಣ ಕೊಡುವ ಮುನ್ನ ಈ ಪರೀಕ್ಷೆಗಳನ್ನು ಮಾಡಿ:

* ಲೆನ್ಸಿನ ಹಿಂದಿನಿಂದ ಟಾರ್ಚ್ ಬಿಟ್ಟು ಮುಂದಿನಿಂದ ನೋಡಿ. ಜೇಡರ ಬಲೆಯಂಥ ಎಳೆಗಳು ಕಂಡರೆ ಅದು ಬೂಷ್ಟು. ಅಂಥದನ್ನು ಬಿಟ್ಟುಬಿಡಿ. ಒಂದೆರಡು ದೂಳಿನ ಕಣವಿದ್ದರೆ ಚಿತ್ರಕ್ಕೆ ತೊಂದರೆಯಿಲ್ಲ.

* ಅಪರ್ಚರಿನ ಪುಟ್ಟ ಅಲಗುಗಳ ಮೇಲೆ ಎಣ್ಣೆಯ ಪಸೆ ಇರಬಾರದು. ಇದ್ದರೆ ಅವು ಅಂಟಿಕೊಂಡು ನಿಧಾನವಾಗುತ್ತವೆ.

* ನಿಮ್ಮ ಕ್ಯಾಮೆರಾವನ್ನೇ ಒಯ್ದು ಲೆನ್ಸ್ ಹಾಕಿ ನೋಡಿ. ಹತ್ತಿರದ ವಸ್ತು, ದೂರದ ವಸ್ತು ಎರಡಕ್ಕೂ ತಾನಾಗಿಯೇ ಫೋಕಸ್ ಆಗಬೇಕು. ತಡವರಿಸಬಾರದು, ಕರಕರ ಸದ್ದು ಮಾಡಬಾರದು.

* ದಿನಪತ್ರಿಕೆಯ ಒಂದು ಪುಟವನ್ನು ಗೋಡೆಗೆ ಅಂಟಿಸಿ, ನೇರವಾಗಿ ನಿಂತು ಎಫ್ 1.8ರಲ್ಲೂ ಎಫ್ 4ರಲ್ಲೂ ಒಂದೊಂದು ಚಿತ್ರ ತೆಗೆಯಿರಿ. ಎಫ್ 1.8ರಲ್ಲಿ ಮೂಲೆಯ ಅಕ್ಷರ ತುಸು ಮೆತ್ತಗಾದರೆ ಅದು ಸಹಜ. ನಾಲ್ಕು ಮೂಲೆಗಳಲ್ಲಿ ಒಂದು ಮಾತ್ರ ತೀರ ಮಸುಕಾದರೆ ಲೆನ್ಸ್ ಎಲ್ಲೋ ಬಿದ್ದು ಪೆಟ್ಟು ತಿಂದಿರುವ ಸಾಧ್ಯತೆ ಇದೆ.

* ಮೂತಿಯ ತಿರುಪಿನ ಅಂಚು ಜಜ್ಜಿದ್ದರೆ ಅದೂ ಬಿದ್ದ ಗುರುತು.

ಹೊಸದನ್ನೇ ಕೊಳ್ಳುವವರು ಬಿಲ್ಲು ಮತ್ತು ವಾರಂಟಿ ಕಾರ್ಡು ಕೇಳಿ ಪಡೆಯಬೇಕು. ನಾಮಕರಣ, ಜವಳದಂಥ ಒಂದು ದಿನದ ಕಾರ್ಯಕ್ಕೆ ಮಾತ್ರ ಬೇಕಿದ್ದರೆ ದೊಡ್ಡ ಊರುಗಳಲ್ಲಿ ಲೆನ್ಸುಗಳು ಬಾಡಿಗೆಗೆ ಸಿಗುತ್ತವೆ.

ಕೊಂಡ ಮೇಲೆ

ಅಗಲ ರಂಧ್ರದ ಲೆನ್ಸಿಗೆ ಒಂದು ಸ್ವಭಾವವಿದೆ. ಅದು ಸ್ಪಷ್ಟವಾಗಿ ತೋರಿಸುವ ಪಟ್ಟಿ ಬಲು ತೆಳು. ಐದಡಿ ದೂರದಿಂದ 50 ಎಫ್ 1.8ರಲ್ಲಿ ತೆಗೆದರೆ ಸ್ಪಷ್ಟವಾಗಿರುವ ಆಳ ಸುಮಾರು ಎರಡೂವರೆ ಅಂಗುಲ. ಮೂಗಿಗೆ ಫೋಕಸ್ ಆದರೆ ಕಿವಿ ಮಸುಕು. 35ರಲ್ಲಿ ಅದು ಐದು ಅಂಗುಲದಷ್ಟಾಗುತ್ತದೆ. ಆದ್ದರಿಂದ ಒಬ್ಬರ ಚಿತ್ರ ತೆಗೆಯುವಾಗ ಫೋಕಸ್ ಕಣ್ಣಿನ ಮೇಲೆಯೇ ಇರಲಿ. ಇಬ್ಬರಿದ್ದರೆ ಒಂದೇ ಸಾಲಿನಲ್ಲಿ ಕೂಡಿಸಿ ಎಫ್ 2.8ಕ್ಕೆ ಇಳಿಸಿ. ಹತ್ತು ಜನ ಎರಡು ಸಾಲಿನಲ್ಲಿ ನಿಂತರೆ ಎಫ್ 5.6 ಬೇಕು. ಅಷ್ಟು ಕಿರಿದು ಮಾಡಿದ ಮೇಲೆ ರಾತ್ರಿಯ ಬೆಳಕು ಸಾಲದು. ಅಂಥ ಚಿತ್ರವನ್ನು ಬೆಳಗಿನ ಹೊತ್ತು ಹೊರಗಿನ ಕಟ್ಟೆಯ ಮೇಲೆ ತೆಗೆಯುವುದೇ ಸರಿ.

ಟ್ಯೂಬ್‌ಲೈಟಿನ ಕೆಳಗೆ ಇನ್ನೊಂದು ವಿಚಿತ್ರ ಕಾಣಿಸಬಹುದು. ನಮ್ಮ ವಿದ್ಯುತ್ತು ಸೆಕೆಂಡಿಗೆ 50 ಆವರ್ತನೆಯದು. ಹಳೆಯ ಟ್ಯೂಬ್‌ಲೈಟು ಮತ್ತು ಕೆಲವು ಎಲ್‌ಇಡಿ ದೀಪಗಳು ಸೆಕೆಂಡಿಗೆ ನೂರು ಬಾರಿ ಮಿನುಗುತ್ತವೆ. ಕಣ್ಣಿಗೆ ತಿಳಿಯದ ಈ ಮಿನುಗು, ಷಟರ್ ವೇಗ ನೂರನೆಯ ಒಂದಕ್ಕಿಂತ ಹೆಚ್ಚಾದಾಗ ಚಿತ್ರದಲ್ಲಿ ಪಟ್ಟೆಯಾಗಿಯೋ ಬಣ್ಣಗೇಡಾಗಿಯೋ ಕಾಣಿಸಿಕೊಳ್ಳುತ್ತದೆ. ಅಲ್ಲಿ ಷಟರನ್ನು ನೂರನೆಯ ಒಂದಕ್ಕೇ ನಿಲ್ಲಿಸಿದರೆ ಕ್ಷೇಮ.

ಗಿಣಿಗೇರಾ ಭಾಗದವರಿಗೆ ಒಂದು ವಿಶೇಷ ಎಚ್ಚರಿಕೆ. ಕಾರ್ಖಾನೆಗಳ ದೂಳು ಮನೆಯೊಳಗೂ ಬರುತ್ತದೆಂಬುದು ಇಲ್ಲಿನ ಜನರ ಬಹುದಿನದ ದೂರು. ಲೆನ್ಸ್ ಬದಲಿಸುವಾಗ ಆ ದೂಳು ಕ್ಯಾಮೆರಾದ ಒಳಹೊಕ್ಕರೆ ಪ್ರತಿ ಚಿತ್ರದ ಮೇಲೂ ಚುಕ್ಕೆ ಬೀಳುತ್ತದೆ. ಒಂದೇ ಲೆನ್ಸನ್ನು ಕ್ಯಾಮೆರಾದ ಮೇಲೆ ಬಿಟ್ಟಿರುವುದು ಈ ಕಾರಣಕ್ಕೂ ಲೇಸು. ಬದಲಿಸಲೇಬೇಕಾದರೆ ಫ್ಯಾನು ಆರಿಸಿ, ಬಾಗಿಲು ಮುಚ್ಚಿ, ಕ್ಯಾಮೆರಾದ ಬಾಯಿ ಕೆಳಗೆ ಮಾಡಿ ಬದಲಿಸಿ. ಗಾಜನ್ನು ಪಂಚೆಯ ಸೆರಗಿನಿಂದ ಒರೆಸಬೇಡಿ. ಮೊದಲು ರಬ್ಬರ್ ಬುರುಡೆಯಿಂದ ಗಾಳಿ ಊದಿ, ಆಮೇಲೆ ಮೆತ್ತನೆಯ ಬಟ್ಟೆ ಬಳಸಿ. ಮಳೆಗಾಲದಲ್ಲಿ ಚರ್ಮದ ಚೀಲದೊಳಗೆ ಮುಚ್ಚಿಡದೆ, ಗಾಳಿಯಾಡದ ಪ್ಲಾಸ್ಟಿಕ್ ಡಬ್ಬಿಯಲ್ಲಿ ಸಿಲಿಕಾ ಜೆಲ್ ಪೊಟ್ಟಣದ ಜತೆ ಇಟ್ಟರೆ ಬೂಷ್ಟು ಹಿಡಿಯದು.

ಕೊನೆಯ ಖರ್ಚು

ಹಾಸಿಗೆ ಇದ್ದಷ್ಟು ಕಾಲು ಚಾಚು ಎಂದರು ಹಿರಿಯರು. ಲೆನ್ಸ್ ಕೊಳ್ಳುವ ಹಣದಲ್ಲಿ ಒಂದು ಪಾಲನ್ನು ಬೇರೆ ತೆಗೆದಿಡಿ. ಅದು ಪ್ರಿಂಟ್ ಹಾಕಿಸುವುದಕ್ಕೆ. ಮೊಬೈಲ್ ಕಳೆದುಹೋಗುತ್ತದೆ, ಕಂಪ್ಯೂಟರಿನ ಡಿಸ್ಕ್ ಕೆಡುತ್ತದೆ. ಸಾವಿರ ಚಿತ್ರ ತೆಗೆದು ಒಂದನ್ನೂ ಕಾಗದಕ್ಕೆ ಇಳಿಸದ ಮನೆಯಲ್ಲಿ, ಬೇಕಾದ ದಿನ ಮತ್ತೆ ಗುರುತಿನ ಚೀಟಿಯನ್ನೇ ಹುಡುಕಬೇಕಾದೀತು. ತಿಂಗಳಿಗೆ ಎರಡೇ ಚಿತ್ರ ಹಾಕಿಸಿ, ಹಿಂಬದಿಯಲ್ಲಿ ಹೆಸರು ಮತ್ತು ತಾರೀಖು ಬರೆದಿಟ್ಟರೂ ಹತ್ತು ವರ್ಷಕ್ಕೆ ಒಳ್ಳೆಯ ಆಲ್ಬಮ್ ಆಗುತ್ತದೆ.

ಇಷ್ಟಕ್ಕೂ ಲೆನ್ಸ್ ಕೊಳ್ಳುವ ಹಣ ಒದಗದಿದ್ದರೆ? ಆಗಲೂ ದಾರಿಯಿದೆ. ಪಾಳಿಯ ರಜೆಯ ದಿನ ಬೆಳಗ್ಗೆ, ತಲೆಬಾಗಿಲಿನ ಒಳಗೆ ಎರಡು ಹೆಜ್ಜೆ ದೂರದಲ್ಲಿ ಅಜ್ಜಿಯನ್ನು ಹೊರಗೆ ಮುಖ ಮಾಡಿ ಕೂಡಿಸಿ. ಆ ಹೊತ್ತಿನಲ್ಲಿ ಬಾಗಿಲಿನಿಂದ ಬರುವ ಬೆಳಕು ರಾತ್ರಿಯ ಟ್ಯೂಬ್‌ಲೈಟಿಗಿಂತ ಎಷ್ಟೋ ಪಟ್ಟು ಹೆಚ್ಚು. ಕಿಟ್ ಲೆನ್ಸಿನ ಕಿರಿದಾದ ತೂಬಿಗೂ ಅದು ಧಾರಾಳ. ನೆರಿಗೆಗಳ ಮೇಲೆ ಆ ಬೆಳಕು ಮೆತ್ತಗೆ ಬೀಳುತ್ತದೆ. ಮಗುವನ್ನು ಆಕೆಯ ತೊಡೆಯ ಮೇಲೆ ಬಿಡಿ. “ಇತ್ತ ನೋಡು” ಎಂದು ಕೂಗಬೇಡಿ. ಅವರಿಬ್ಬರ ಪಾಡಿಗೆ ಅವರು ಮಾತಾಡುತ್ತಿರಲಿ.

ಆಮೇಲೆ ಪ್ರಿಂಟ್ ಹಾಕಿಸಿ ಆಕೆಯ ಕೈಗೆ ಕೊಡಿ. ಚಾಳೀಸು ಏರಿಸಿಕೊಂಡು, ಬೆಳಕಿಗೆ ಹಿಡಿದು, ಬಹಳ ಹೊತ್ತು ನೋಡಿ ಆಕೆ ಹೇಳಬೇಕಾದ ಮಾತು ಒಂದೇ:

“ಹ್ಞೂಂ ತಮ್ಮಾ, ಇದು ನಾನs.”